ಬೀದಿಗಿಂತ ಒಂದು ಅಂತಸ್ತು ಕೆಳಗೆ: ಸ್ಯಾನ್ ಆಂಟೋನಿಯೋದ ರಿವರ್ ವಾಕ್

ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ರಜೆಯಲ್ಲಿ ಹೋದವರು ಸ್ಯಾನ್ ಆಂಟೋನಿಯೋ ನಗರದಲ್ಲಿ ನದೀದಂಡೆಯ ಕಾಲುದಾರಿಯಾದ ರಿವರ್ ವಾಕ್ ನೋಡದೆ ಮರಳುವುದು ಕಡಿಮೆ. ಆದರೆ ಅವರಲ್ಲಿ ಬಹುಪಾಲು ಜನ ನೋಡುವುದು ಅದರ ಒಂದು ಚಿಕ್ಕ ಭಾಗವನ್ನು, ಅಂದರೆ ರೆಸ್ಟೋರೆಂಟುಗಳ ಮೇಜುಗಳು, ಬಣ್ಣದ ಕೊಡೆಗಳು ಮತ್ತು ಪ್ರವಾಸಿ ದೋಣಿಗಳು ಒತ್ತೊತ್ತಾಗಿ ಸೇರಿರುವ ನಡುಭಾಗವನ್ನು ಮಾತ್ರ. ಅಷ್ಟನ್ನೇ ಕಂಡು ಬಂದವರಲ್ಲಿ ಕೆಲವರು ಅದನ್ನು ಬಾಯ್ತುಂಬ ಹೊಗಳುತ್ತಾರೆ, ಕೆಲವರು ಅಲ್ಲಿ ಜನಜಂಗುಳಿಯಲ್ಲದೆ ಬೇರೇನೂ ಇಲ್ಲ ಎನ್ನುತ್ತಾರೆ. ಈ ನದೀದಂಡೆಯ ಉತ್ತಮ ಭಾಗಗಳು ಆ ಗದ್ದಲದಿಂದ ಉತ್ತರಕ್ಕೂ ದಕ್ಷಿಣಕ್ಕೂ ನಡೆದು ಹೋದವರಿಗೆ ಮಾತ್ರ ಸಿಗುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಗಾಗಿ ಇಲ್ಲಿಗೆ ಒಂದು ಸಂಜೆಯನ್ನಲ್ಲ, ಕನಿಷ್ಠ ಎರಡು ಬೆಳಗನ್ನು ಮೀಸಲಿಡಬೇಕು.

ಮೊದಲು ಈ ದಾರಿಯ ರಚನೆಯ ಬಗ್ಗೆ ಹೇಳಬೇಕು, ಏಕೆಂದರೆ ಇದರ ಚೆಲುವಿನ ಮೂಲ ಇರುವುದು ಅಲ್ಲಿಯೇ. ನಗರದ ನಟ್ಟನಡುವೆ ನದಿಯು ಬೀದಿಗಳಿಗಿಂತ ಸುಮಾರು ಒಂದು ಅಂತಸ್ತು ಕೆಳಗೆ ಹರಿಯುತ್ತದೆ. ಕಲ್ಲಿನ ಮೆಟ್ಟಿಲುಗಳನ್ನು ಇಳಿದೊಡನೆ ವಾಹನಗಳು, ಸಿಗ್ನಲ್ಲುಗಳು, ಕಚೇರಿ ಕಟ್ಟಡಗಳ ಗಡಿಬಿಡಿ ಎಲ್ಲವೂ ತಲೆಯ ಮೇಲೆಯೇ ಉಳಿದುಬಿಡುತ್ತವೆ. ಅಲ್ಲಿ ನದಿ ಅಗಲವಾಗಿಲ್ಲ. ಎದುರು ದಡದಲ್ಲಿ ನಡೆಯುತ್ತಿರುವವರ ಮುಖ ಸ್ಪಷ್ಟವಾಗಿ ಕಾಣುವಷ್ಟು ಇಕ್ಕಟ್ಟು. ಎರಡೂ ದಡಗಳಲ್ಲಿ ಎತ್ತರದ ಬಾಲ್ಡ್ ಸೈಪ್ರೆಸ್ ಮರಗಳು ನೀರಿನ ಅಂಚಿನಲ್ಲೇ ಬೇರೂರಿ ನಿಂತು ಮೇಲೆ ಹಂದರ ಕಟ್ಟಿವೆ. ದಾರಿ ಎಲ್ಲಿಯೂ ನೇರವಾಗಿ ಸಾಗದೆ ನದಿಯೊಂದಿಗೆ ಬಾಗುತ್ತಾ ಹೋಗುವುದರಿಂದ ಮುಂದಿನ ಸೇತುವೆ, ಅದರಾಚೆಯ ಮೆಟ್ಟಿಲು, ಮತ್ತೊಂದು ಪುಟ್ಟ ಅಂಗಳ ಇವೆಲ್ಲ ಒಂದೊಂದಾಗಿಯೇ ತೆರೆದುಕೊಳ್ಳುತ್ತವೆ. ಹಾಗಾಗಿ ನಡೆಯುವವರಿಗೆ ದೂರದ ಅರಿವಾಗುವುದಿಲ್ಲ. ಇಷ್ಟು ದೊಡ್ಡ ನಗರದ ಕೇಂದ್ರದಲ್ಲಿ ಪಾದಚಾರಿಗಳಿಗೆಂದೇ ಬಿಟ್ಟುಕೊಟ್ಟಿರುವ, ಪ್ರವೇಶ ಶುಲ್ಕವಿಲ್ಲದ ಇಂಥ ಜಾಗ ಅಮೆರಿಕದಲ್ಲಿ ವಿರಳ.

ಇಂದು ಸಹಜವೆಂಬಂತೆ ತೋರುವ ಈ ತಾಣ ಒಂದು ದುರಂತದ ಬೆನ್ನಲ್ಲೇ ಹುಟ್ಟಿಕೊಂಡದ್ದು. 1921ರ ಸೆಪ್ಟೆಂಬರಿನಲ್ಲಿ ಸ್ಯಾನ್ ಆಂಟೋನಿಯೋ ನದಿ ಉಕ್ಕಿ ನಗರದ ಮೇಲೆ ಹರಿದಾಗ ಸುಮಾರು 50 ಜನ ಪ್ರಾಣ ಕಳೆದುಕೊಂಡರು. ಆ ಬಳಿಕ ಮೇಲ್ಗಡೆ ಓಲ್ಮಸ್ ಅಣೆಕಟ್ಟು ಎದ್ದಿತು, ನಗರದ ನಡುವೆ ಕುದುರೆಲಾಳದಂತೆ ಬಾಗಿದ್ದ ನದಿಯ ತಿರುವನ್ನು ಬಳಸದೆ ನೆರೆನೀರು ನೇರವಾಗಿ ಹೋಗುವಂತೆ ಒಂದು ಕಾಲುವೆಯನ್ನೂ ತೋಡಲಾಯಿತು. ನೆರೆಯ ನೀರಿಗೆ ಬೇರೆ ದಾರಿ ಸಿಕ್ಕ ಮೇಲೆ ಹಳೆಯ ತಿರುವು ಏತಕ್ಕೆ, ಅದನ್ನು ಮುಚ್ಚಿ ನೆಲ ಮಾಡಿಕೊಳ್ಳಬಾರದೇಕೆ ಎಂಬ ಮಾತೂ ಊರಿನಲ್ಲಿ ಎದ್ದಿತ್ತು. 1924ರಲ್ಲಿ ಮಹಿಳೆಯರು ಸೇರಿ ಕಟ್ಟಿದ ಸ್ಯಾನ್ ಆಂಟೋನಿಯೋ ಕನ್ಸರ್ವೇಶನ್ ಸೊಸೈಟಿ ನದಿಯ ಪರವಾಗಿ ನಿಂತ ಸಂಸ್ಥೆಗಳಲ್ಲಿ ಮುಖ್ಯವಾದುದು. ಈ ಹಿನ್ನೆಲೆ ತಿಳಿದು ನಡೆದರೆ, ತಿರುವಿನ ಎರಡೂ ಕೊನೆಗಳಲ್ಲಿರುವ ನೆರೆ ತಡೆಯುವ ಬಾಗಿಲುಗಳು ಕಣ್ಣಿಗೆ ಬಿದ್ದಾಗ ಅವುಗಳ ಮಹತ್ವ ಅರ್ಥವಾಗುತ್ತದೆ. ಆ ಬಾಗಿಲುಗಳಿಂದಾಗಿಯೇ ಹೋಟೆಲಿನ ಮೇಜುಗಳನ್ನು ನೀರಿನ ಅಂಚಿನಲ್ಲಿ ಧೈರ್ಯವಾಗಿ ಇಡಲು ಸಾಧ್ಯವಾಗಿದೆ. 1997ರಲ್ಲಿ ಪೂರ್ಣಗೊಂಡ, ನಗರದ ಅಡಿಯಲ್ಲಿ ಸುಮಾರು ಮೂರು ಮೈಲಿ ಉದ್ದಕ್ಕೆ ಸಾಗುವ ನೆರೆನೀರಿನ ಸುರಂಗವು ಆ ರಕ್ಷಣೆಯನ್ನು ಇನ್ನಷ್ಟು ಬಲಪಡಿಸಿದೆ. ಅದು ಭೂಮಿಯೊಳಗೆ ಹುದುಗಿರುವುದರಿಂದ ಪ್ರವಾಸಿಗಳ ಗಮನಕ್ಕೆ ಬರುವುದೇ ಇಲ್ಲ.

ಈ ತಿರುವಿಗೆ ಇಂದಿನ ರೂಪವನ್ನು ಕೊಟ್ಟವರು ರಾಬರ್ಟ್ ಹಗ್‌ಮನ್ ಎಂಬ ಸ್ಥಳೀಯ ವಾಸ್ತುಶಿಲ್ಪಿ. ಅವರು 1929ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ನದೀದಂಡೆಯಲ್ಲಿ ಅಂಗಡಿಗಳೂ ಕಾಲುದಾರಿಗಳೂ ಕಮಾನು ಸೇತುವೆಗಳೂ ಇರುವ ಯೋಜನೆಯೊಂದನ್ನು ಊರಿನ ಮುಂದಿಟ್ಟರು. ಆರ್ಥಿಕ ಮಹಾಕುಸಿತದಿಂದಾಗಿ ಅದು ಹತ್ತು ವರ್ಷ ಕಾಗದದ ಮೇಲೆಯೇ ಉಳಿಯಿತು. ನಿರುದ್ಯೋಗಿಗಳಿಗೆ ಕೆಲಸ ಕೊಡಲೆಂದು ಕೇಂದ್ರ ಸರ್ಕಾರ ಸ್ಥಾಪಿಸಿದ್ದ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಶನ್ ಹಣ ಒದಗಿಸಿದ ಮೇಲೆ 1939ರಿಂದ 1941ರ ನಡುವೆ ಸುಮಾರು 17,000 ಅಡಿ ಕಾಲುದಾರಿ, ಇಪ್ಪತ್ತರಷ್ಟು ಸೇತುವೆಗಳು ಮತ್ತು ಹಲವಾರು ಮೆಟ್ಟಿಲುಸಾಲುಗಳು ನಿರ್ಮಾಣವಾದವು. ಕೆಲಸ ಮುಗಿಯುವ ಮೊದಲೇ, 1940ರಲ್ಲಿ, ಹಗ್‌ಮನ್ ಅವರನ್ನು ಹುದ್ದೆಯಿಂದ ತೆಗೆದುಹಾಕಲಾಯಿತು. ತಾನು ಕಲ್ಪಿಸಿದ ದಾರಿಯ ನಿರ್ಮಾಣ ತನ್ನನ್ನು ಬಿಟ್ಟು ಮುಂದುವರಿಯುವುದನ್ನು ಅವರು ನೋಡಬೇಕಾಯಿತು ಎಂಬುದು ಇಲ್ಲಿ ನಡೆಯುವಾಗ ನನ್ನನ್ನು ಬಹಳ ಕಾಡಿದ ಸಂಗತಿ. ಸುಣ್ಣಕಲ್ಲಿನ ಮೆಟ್ಟಿಲುಗಳನ್ನು ನಿಧಾನವಾಗಿ ಗಮನಿಸಿ. ಒಂದು ಕಡೆ ಗೋಡೆಗೆ ಒತ್ತಿಕೊಂಡು ಇಳಿಯುತ್ತವೆ, ಮತ್ತೊಂದು ಕಡೆ ಮರವೊಂದಕ್ಕೆ ಜಾಗ ಬಿಟ್ಟು ಸುತ್ತುತ್ತವೆ. ಯಾವುದೂ ಅಚ್ಚಿಗೆ ಹಾಕಿ ತೆಗೆದಂತಿಲ್ಲ.

ಹಗ್‌ಮನ್ ಅವರ ಕಲ್ಪನೆ ಅತ್ಯಂತ ಶುದ್ಧವಾಗಿ ಉಳಿದಿರುವುದು ಆರ್ನೆಸನ್ ರಿವರ್ ಥಿಯೇಟರಿನಲ್ಲಿ. ಈ ಬಯಲು ರಂಗಮಂದಿರದ ವೇದಿಕೆ ನದಿಯ ಒಂದು ದಡದಲ್ಲಿದೆ, ಪ್ರೇಕ್ಷಕರು ಕೂರುವ ಹುಲ್ಲುಹಾಸಿನ ಮೆಟ್ಟಿಲುಗಳು ಎದುರು ದಡದಲ್ಲಿವೆ, ಇವೆರಡರ ನಡುವೆ ನದಿ ಹರಿಯುತ್ತದೆ. ಪ್ರದರ್ಶನ ನಡೆಯುತ್ತಿರುವಾಗಲೇ ದೋಣಿಗಳು ವೇದಿಕೆಯ ಮುಂದೆ ಹಾದುಹೋಗುವುದುಂಟು. ವೇದಿಕೆಯ ಹಿಂಬದಿಯ ಗೋಡೆಯಲ್ಲಿ ಐದು ಗಂಟೆಗಳಿವೆ. 1978ರಲ್ಲಿ ಅವುಗಳನ್ನು ಹಗ್‌ಮನ್ ಅವರ ಗೌರವಾರ್ಥ ಅರ್ಪಿಸಿದಾಗ ಅವರೇ ಅವನ್ನು ಮೊದಲ ಬಾರಿಗೆ ಬಾರಿಸಿದರು. ಅದಾದ ಎರಡು ವರ್ಷಗಳಿಗೆ ಅವರು ತೀರಿಕೊಂಡರು. ಕಾರ್ಯಕ್ರಮವಿಲ್ಲದ ಹೊತ್ತಿನಲ್ಲಿ ಆ ಹುಲ್ಲಿನ ಮೆಟ್ಟಿಲುಗಳ ಮೇಲೆ ಯಾರು ಬೇಕಾದರೂ ಕೂರಬಹುದು, ಏನನ್ನೂ ಖರೀದಿಸಬೇಕಾಗಿಲ್ಲ. ನಡುಭಾಗದಲ್ಲಿ ಇಂಥ ಸೌಲಭ್ಯ ಎಷ್ಟು ಕಡಿಮೆ ಎಂಬುದು ಸ್ವಲ್ಪ ಹೊತ್ತು ತಿರುಗಾಡಿದವರಿಗೆ ತಿಳಿಯುತ್ತದೆ.

ನನ್ನ ಮುಖ್ಯ ಆಕ್ಷೇಪವೂ ಇದೇ. ನಡುಭಾಗದಲ್ಲಿ ನೀರಿನ ಅಂಚಿನ ಒಳ್ಳೆಯ ಜಾಗಗಳನ್ನೆಲ್ಲ ರೆಸ್ಟೋರೆಂಟುಗಳ ಮೇಜುಗಳು ಆವರಿಸಿಕೊಂಡಿವೆ, ಸಾರ್ವಜನಿಕರಿಗೆ ಉಳಿದಿರುವುದು ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಓಣಿ ಮಾತ್ರ. ವಾರಾಂತ್ಯದ ರಾತ್ರಿಗಳಲ್ಲಿ ಅಲ್ಲಿ ನಡೆಯುವುದಕ್ಕಿಂತ ಸರದಿಯಲ್ಲಿ ಸರಿಯುವುದೇ ಹೆಚ್ಚು. ನದೀದಂಡೆಯ ಮೊದಲ ರೆಸ್ಟೋರೆಂಟ್ ಆದ ಕಾಸಾ ರಿಯೋ 1946ರಿಂದ ಅಲ್ಲಿದೆ, ಅದರ ಬಣ್ಣದ ಕೊಡೆಗಳು ಈ ಊರಿನ ಗುರುತೇ ಆಗಿಬಿಟ್ಟಿವೆ. ಅದರ ಬಳಿಕ ಬಂದ ಎಲ್ಲ ಅಡುಗೆಮನೆಗಳೂ ನೋಟಕ್ಕೆ ತಕ್ಕ ರುಚಿಯನ್ನು ಕೊಡುತ್ತಿಲ್ಲ. ನಾನು ಊಟ ಮಾಡಿದ ಒಂದು ಕಡೆ ತಟ್ಟೆ ಬರುವಷ್ಟರಲ್ಲಿ ತಣ್ಣಗಾಗಿತ್ತು, ಬೆಲೆ ಮಾತ್ರ ನದಿಯ ನೋಟವನ್ನೂ ಸೇರಿಸಿ ಹಾಕಿದಂತಿತ್ತು. ಸಸ್ಯಾಹಾರಿಗಳು ಇನ್ನೊಂದು ವಿಷಯವನ್ನು ನೆನಪಿಡಬೇಕು: ಇಲ್ಲಿನ ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಾಸಿನ ಮೆಕ್ಸಿಕನ್ ಶೈಲಿಯ ಅಡುಗೆಯಲ್ಲಿ ಅರೆದು ಬೇಯಿಸಿದ ಬೀನ್ಸಿಗೆ ಹಂದಿಯ ಕೊಬ್ಬನ್ನು ಸೇರಿಸುವ ರೂಢಿಯಿದೆ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದೂ ಉಂಟು. ಮಾಂಸವಿಲ್ಲವೇ ಎಂದು ಕೇಳಿದರೆ ಸಾಲದು, ಈ ಎರಡನ್ನೂ ಹೆಸರಿಸಿ ಕೇಳಬೇಕು. ಬೆಳಗ್ಗೆ ಎಂಟಕ್ಕೆ ಮೊದಲು ಅದೇ ಓಣಿಗೆ ಬಂದರೆ ಅದು ಬೇರೆಯೇ ಸ್ಥಳವಾಗಿರುತ್ತದೆ. ನೆಲ ತೊಳೆಯುವ ಕೆಲಸಗಾರರು, ಓಟದ ಅಭ್ಯಾಸಕ್ಕೆ ಬಂದ ಕೆಲವರು, ಬಾತುಕೋಳಿಗಳು ಇವಿಷ್ಟೇ ಆಗ ಅಲ್ಲಿ ಕಾಣಸಿಗುತ್ತವೆ.

ದೋಣಿಯಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2017ರಿಂದ ಇಲ್ಲಿ ವಿದ್ಯುತ್ ಚಾಲಿತ ದೋಣಿಗಳು ಓಡುತ್ತಿರುವುದರಿಂದ ಹೊಗೆಯೂ ಇಲ್ಲ, ಎಂಜಿನ್ನಿನ ಅಬ್ಬರವೂ ಇಲ್ಲ. ಸುಮಾರು 35 ನಿಮಿಷಗಳ ವಿವರಣೆಸಹಿತ ಸುತ್ತಾಟದಲ್ಲಿ ಮಾರ್ಗದರ್ಶಕರು ಕಟ್ಟಡಗಳ ಚರಿತ್ರೆಯನ್ನು ಸ್ವಾರಸ್ಯವಾಗಿ ಹೇಳುತ್ತಾರೆ. ಮೊದಲ ಬಾರಿ ಬಂದವರು, ವಯಸ್ಸಾದವರು ಮತ್ತು ಚಿಕ್ಕ ಮಕ್ಕಳಿರುವವರು ಅದನ್ನು ತಪ್ಪಿಸಿಕೊಳ್ಳಬಾರದು.

ಉತ್ತರ ದಿಕ್ಕಿನ ಮ್ಯೂಸಿಯಮ್ ರೀಚ್ ಎಂಬ ಭಾಗ 2009ರಲ್ಲಿ ತೆರೆಯಿತು, ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಇಲ್ಲಿ ಊಟದ ಮೇಜುಗಳ ಬದಲು ಹುಲ್ಲು, ಹೂಗಿಡಗಳು ಮತ್ತು ಕಲಾಕೃತಿಗಳಿವೆ. ಪ್ರತಿಯೊಂದು ಸೇತುವೆಯ ಅಡಿಯ ಕತ್ತಲೆ ಜಾಗವನ್ನು ಕಲಾವಿದರಿಗೆ ಒಪ್ಪಿಸಬಹುದೆಂದು ಯೋಚಿಸಿದವರ ಜಾಣ್ಮೆಯನ್ನು ಮೆಚ್ಚಲೇಬೇಕು, ಏಕೆಂದರೆ ಯಾವ ನಗರದಲ್ಲಾದರೂ ನಡೆಯುವವರು ಹೆಜ್ಜೆ ಚುರುಕು ಮಾಡಿ ದಾಟಿಬಿಡುವ ಜಾಗಗಳು ಅವೇ. ಹೆದ್ದಾರಿಯ ಸೇತುವೆಯ ಕೆಳಗೆ ಡೊನಾಲ್ಡ್ ಲಿಪ್‌ಸ್ಕಿ ಅವರು ತೂಗುಹಾಕಿರುವ ಫೈಬರ್‌ಗ್ಲಾಸಿನ 25 ಮೀನುಗಳು, ಒಂದೊಂದೂ ಏಳು ಅಡಿ ಉದ್ದದವು, ರಾತ್ರಿ ಒಳಗಿನಿಂದ ಬೆಳಗುತ್ತವೆ. ಇದೇ ನದಿಯಲ್ಲಿ ಬಾಳುವ ಸನ್‌ಫಿಶ್ ಜಾತಿಯ ಮೀನುಗಳ ರೂಪವನ್ನೇ ಅವಕ್ಕೆ ಕೊಡಲಾಗಿದೆ. ಬೇಸಗೆಯ ಮುಸ್ಸಂಜೆ ಅದೇ ಸೇತುವೆಯ ಸಂದುಗಳಿಂದ ಬಾವಲಿಗಳು ಹಿಂಡುಹಿಂಡಾಗಿ ಹೊರಬೀಳುತ್ತವೆ. ಕಾರ್ಲೋಸ್ ಕೋರ್ಟೆಸ್ ಅವರು ಸಿಮೆಂಟಿನಿಂದ ಮರದ ತೊಗಟೆ, ಬೇರು, ಬಂಡೆಗಳನ್ನು ಹೋಲುವಂತೆ ಕಟ್ಟಿದ ಗುಹೆಯೊಂದು ಸ್ವಲ್ಪ ದೂರದಲ್ಲಿದೆ. ಮುಟ್ಟಿ ನೋಡಿದರೂ ಅದು ಸಿಮೆಂಟೆಂದು ಒಪ್ಪಲು ಮನಸ್ಸಾಗುವುದಿಲ್ಲ. ನೀರಿನ ಮಟ್ಟ ಒಮ್ಮೆಲೇ ಸುಮಾರು ಒಂಬತ್ತು ಅಡಿ ಬದಲಾಗುವ ಒಂದು ಕಡೆ ದೋಣಿಗಳನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲೆತ್ತುವ ವ್ಯವಸ್ಥೆಯಿದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಹಳೆಯ ಲೋನ್ ಸ್ಟಾರ್ ಬಿಯರ್ ಕಾರ್ಖಾನೆಯಲ್ಲಿ ನೆಲೆಗೊಂಡಿರುವ ಕಲಾ ಸಂಗ್ರಹಾಲಯವೂ, 2001ರಲ್ಲಿ ಮುಚ್ಚಿದ ಪರ್ಲ್ ಬಿಯರ್ ಕಾರ್ಖಾನೆಯ ಆವರಣದಲ್ಲಿ ತಲೆಯೆತ್ತಿರುವ ಅಂಗಡಿ ಮತ್ತು ಊಟದ ಮನೆಗಳೂ ಇದೇ ದಾರಿಯಲ್ಲಿ ಸಿಗುತ್ತವೆ. ನಡುಭಾಗದಲ್ಲಿ ಊಟ ಮಾಡುವುದಕ್ಕಿಂತ ಹಸಿವನ್ನು ಇಲ್ಲಿಯವರೆಗೆ ತಡೆದುಕೊಂಡು ಬರುವುದು ಲೇಸು.

ದಕ್ಷಿಣದ ಮಿಷನ್ ರೀಚ್ ಸುಮಾರು ಎಂಟು ಮೈಲಿ ಉದ್ದವಿದ್ದು, 2013ರಲ್ಲಿ ಪೂರ್ಣಗೊಂಡಿತು. ನೆರೆಗೆ ಹೆದರಿ ಹಿಂದೆ ಚರಂಡಿಯಂತೆ ನೇರ ಮಾಡಿದ್ದ ನದಿಗೆ ಇಲ್ಲಿ ಸ್ಥಳೀಯ ಮರಗಳನ್ನೂ ಹುಲ್ಲುಗಳನ್ನೂ ನೆಟ್ಟು, ಕಲ್ಲುಗಳನ್ನು ಹರಡಿ, ಜೀವ ಮರಳಿಸುವ ಪ್ರಯತ್ನ ನಡೆದಿದೆ. ಬಕಪಕ್ಷಿಗಳು ಮರಳಿ ಬಂದಿರುವುದು ಕಣ್ಣಿಗೆ ಕಾಣುತ್ತದೆ. ಈ ದಾರಿ ಕನ್ಸೆಪ್ಸಿಯಾನ್, ಸ್ಯಾನ್ ಹೊಸೆ, ಸ್ಯಾನ್ ಹುವಾನ್ ಮತ್ತು ಎಸ್ಪಾಡಾ ಎಂಬ ನಾಲ್ಕು ಸ್ಪ್ಯಾನಿಷ್ ಮಿಷನ್ನುಗಳನ್ನು, ಅಂದರೆ ಸ್ಪೇನಿನ ಕ್ರೈಸ್ತ ಪಾದ್ರಿಗಳು ಕಟ್ಟಿದ ಹಳೆಯ ನೆಲೆಗಳನ್ನು, ಜೋಡಿಸುತ್ತದೆ. ನಗರಮಧ್ಯದಲ್ಲಿರುವ ಅಂಥದೇ ನೆಲೆಯಾದ ಅಲಾಮೋ ಜೊತೆಗೆ ಇವು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಎಸ್ಪಾಡಾದ ಬಳಿ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಕಲ್ಲಿನ ಮೇಲ್ಗಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಈ ಭಾಗವನ್ನು ನಡೆದು ಮುಗಿಸುವುದು ಕಷ್ಟ, ಬಾಡಿಗೆ ಸೈಕಲ್ಲೇ ಸರಿ. ನೆರಳು ಇನ್ನೂ ಕಡಿಮೆ ಇರುವುದರಿಂದ ನೀರಿನ ಬಾಟಲಿಯೂ ಟೋಪಿಯೂ ಇಲ್ಲದೆ ಹೊರಡಬಾರದು.

ನದಿಯ ನೀರು ತಿಳಿಯಾಗಿರುತ್ತದೆಂದು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾಗುತ್ತದೆ. ಅದು ಹಸಿರು ಮಿಶ್ರಿತ ಕಂದು ಬಣ್ಣದ್ದು, ಹರಿವನ್ನು ಕಾಪಾಡಲು ಸಂಸ್ಕರಿಸಿದ ಮರುಬಳಕೆಯ ನೀರನ್ನೂ ಅದಕ್ಕೆ ಬಿಡಲಾಗುತ್ತದೆ. ಅಂತರ್ಜಲವನ್ನು ಉಳಿಸುವ ಈ ಕ್ರಮವನ್ನು ನಾನು ದೋಷವೆಂದು ಎಣಿಸುವುದಿಲ್ಲ. ದೋಷವೆನಿಸಿದ್ದು ಬೇರೆ ಎರಡು. ಮೊದಲನೆಯದಾಗಿ, ದಂಡೆಯ ಬಹುಭಾಗದಲ್ಲಿ ಕಟಕಟೆಯಿಲ್ಲ. ನೀರು ಹೆಚ್ಚು ಆಳವಿಲ್ಲದಿದ್ದರೂ ಓಡಾಡುವ ವಯಸ್ಸಿನ ಮಕ್ಕಳ ಕೈಯನ್ನು ಬಿಡುವಂತಿಲ್ಲ. ಎರಡನೆಯದಾಗಿ, ಗಾಲಿಕುರ್ಚಿ ಬಳಸುವವರಿಗೆ ಇಳಿಜಾರುಗಳೂ ಲಿಫ್ಟುಗಳೂ ಇವೆ, ಆದರೆ ಅವು ಎಲ್ಲೆಡೆ ಇಲ್ಲ. ಹೊರಡುವ ಮೊದಲೇ ನಕ್ಷೆಯಲ್ಲಿ ಅವುಗಳ ಸ್ಥಾನವನ್ನು ಗುರುತಿಸಿಕೊಳ್ಳದಿದ್ದರೆ ಬಂದ ದಾರಿಯಲ್ಲೇ ಬಹಳ ದೂರ ಹಿಂತಿರುಗಬೇಕಾಗುತ್ತದೆ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಸೈಪ್ರೆಸ್ ನೆರಳಿದ್ದರೂ ಮಧ್ಯಾಹ್ನದ ನಡಿಗೆ ಹಿತವಲ್ಲ. ಮಾರ್ಚ್, ಏಪ್ರಿಲ್ ಮತ್ತು ಅಕ್ಟೋಬರ್, ನವೆಂಬರ್ ಉತ್ತಮ ಕಾಲ. ಏಪ್ರಿಲಿನ ಫಿಯೆಸ್ಟಾ ಉತ್ಸವದಲ್ಲಿ 1941ರಿಂದ ನಡೆದುಬಂದಿರುವ ನದಿಯ ಮೇಲಿನ ಮೆರವಣಿಗೆಯನ್ನು ನೋಡಬೇಕೆಂದರೆ ಕೋಣೆಯನ್ನೂ ಆಸನವನ್ನೂ ತಿಂಗಳುಗಳ ಮೊದಲೇ ಕಾದಿರಿಸಬೇಕು. ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಮರಗಳ ತುಂಬ ದೀಪಗಳು ಬೆಳಗಲು ತೊಡಗುತ್ತವೆ, ಹೊಸ ವರ್ಷದವರೆಗೂ ಅವು ಇರುತ್ತವೆ. ದೀಪಗಳನ್ನಷ್ಟೇ ನೋಡಬಯಸುವವರು ಆ ಮೊದಲ ದಿನವನ್ನು ಬಿಟ್ಟು ಡಿಸೆಂಬರಿನ ಯಾವುದಾದರೂ ವಾರದ ನಡುವಿನ ದಿನ ಹೋದರೆ ಸೇತುವೆಗಳ ಮೇಲೆ ನಿಂತು ನೋಡಲು ಜಾಗ ಸಿಗುತ್ತದೆ.