ಲಾಗಿನ್ ಆಯ್ತು ಅಂದ ಮಾತ್ರಕ್ಕೆ ಡೊಮೇನ್ ಸಿಕ್ಕಿದೆ ಅಂದ್ಕೋಬೇಡಿ

ಮೂವತ್ತು ಚಿಲ್ಲರೆ ಕಂಪ್ಯೂಟರ್‌ಗಳ ಆಫೀಸು, ಒಂದೇ ಡೊಮೇನ್ ಕಂಟ್ರೋಲರ್ (ಆಫೀಸಿನ ಮಶೀನ್, ಲಾಗಿನ್ ಎಲ್ಲವನ್ನೂ ಸೇರಿಸಿದ ವಿಂಡೋಸ್ ಗುಂಪು ಡೊಮೇನ್, ಅದನ್ನು ನಡೆಸುವ ಸರ್ವರ್ ಇದು), ನೋಡಿಕೊಳ್ಳುವುದು ನಾನೊಬ್ಬನೇ. ನಿಮ್ಮದೂ ಇಂಥದ್ದೇ ಸೆಟಪ್ ಆಗಿದ್ದರೆ ಮೊದಲು ಡಿಎಚ್‌ಸಿಪಿ (ಮಶೀನ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಸೇವೆ) ಸೆಟ್ಟಿಂಗ್ ತೆರೆದು ಎರಡನೇ ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಜಾಗದಲ್ಲಿ ಏನಿದೆ ನೋಡಿ. ಅಲ್ಲಿ ಗೂಗಲ್‌ನ ಡಿಎನ್‌ಎಸ್ 8.8.8.8 ಕೂತಿದ್ದರೆ ನಾನು ಪಟ್ಟ ಪಾಡು ನಿಮಗೂ ಕಾದಿದೆ.

ಒಂದು ಸೋಮವಾರ ಬೆಳಿಗ್ಗೆ ಅಕೌಂಟ್ಸ್‌ನಿಂದ ಫೋನ್ ಬಂತು. "ಸರ್, ಲಾಗಿನ್ ಆಗ್ತಿದೆ, ಆದ್ರೆ ಝಡ್ ಡ್ರೈವ್ ಓಪನ್ ಆಗ್ತಿಲ್ಲ." ಹೋಗಿ ನೋಡಿದೆ. ಝಡ್ ಅಂದರೆ ಸರ್ವರ್‌ನಲ್ಲಿರುವ ಎಲ್ಲರ ಫೋಲ್ಡರ್. ಡ್ರೈವ್ ಮೇಲೆ ಕೆಂಪು ಇಂಟು ಗುರುತು, ಪ್ರಿಂಟರ್ ಆಫ್‌ಲೈನ್, ಇಂಟರ್ನೆಟ್ ಮಾತ್ರ ಜೋರಾಗಿ ಓಡುತ್ತಿದೆ. ಪಕ್ಕದ ಮೇಜಿನ ಮಶೀನ್‌ನಲ್ಲಿ ಏನೂ ತೊಂದರೆ ಇಲ್ಲ. ಒಟ್ಟು ಏಳೆಂಟು ಮಶೀನ್‌ಗಳದ್ದು ಇದೇ ಗೋಳು.

ಲಾಗಿನ್ ಆಗ್ತಿದೆ ಅನ್ನುವ ಮಾತೇ ನನ್ನ ದಾರಿ ತಪ್ಪಿಸಿತು. ಡೊಮೇನ್ ಸಿಗದೆ ಹೇಗೆ ಲಾಗಿನ್ ಆಗುತ್ತೆ, ಅಲ್ವಾ? ಆಗುತ್ತೆ. ಹಿಂದೆ ಲಾಗಿನ್ ಆದವರ ಗುರುತನ್ನು ವಿಂಡೋಸ್ ಮಶೀನ್‌ನಲ್ಲೇ ಇಟ್ಟುಕೊಂಡಿರುತ್ತದೆ. ಮಾಮೂಲಾಗಿ 10 ಲಾಗಿನ್‌ವರೆಗೆ. ಕಂಟ್ರೋಲರ್ ಸಿಗದಿದ್ದರೆ ಆ ಹಳೇ ಗುರುತಿನ ಮೇಲೆ ಒಳಗೆ ಬಿಡುತ್ತದೆ, ಸದ್ದಿಲ್ಲದೆ.

ಡಿಎನ್‌ಎಸ್ ಪರೀಕ್ಷಿಸುವ ಎನ್‌ಎಸ್‌ಲುಕಪ್ ಕಮಾಂಡ್ ಹಾಕಿದೆ. ಸರ್ವರ್ ಹೆಸರಿಗೆ ಸರಿಯಾದ ಐಪಿಯೇ ಬಂತು. ಹಾಗಾದರೆ ಡಿಎನ್‌ಎಸ್ ಸರಿ ಇದೆ ಅಂತ ಪಕ್ಕಕ್ಕಿಟ್ಟೆ. ಇಲ್ಲೇ ನಾನು ಹಳ್ಳಕ್ಕೆ ಬಿದ್ದಿದ್ದು. ಎನ್‌ಎಸ್‌ಲುಕಪ್ ಉಳಿದ ಪ್ರೋಗ್ರಾಂಗಳಿಗೆ ಹೆಸರು ಹುಡುಕಿಕೊಡುವ ವಿಂಡೋಸ್‌ನ ಡಿಎನ್‌ಎಸ್ ಕ್ಲೈಂಟನ್ನು ಕೇಳುವುದೇ ಇಲ್ಲ. ತಾನೇ ನೇರವಾಗಿ ಮೊದಲ ಡಿಎನ್‌ಎಸ್ ಸರ್ವರ್ ಬಳಿ ಹೋಗಿ ಉತ್ತರ ತರುತ್ತದೆ. ಅದೇ ಹೆಸರಿಗೆ ಪಿಂಗ್ ಕೊಟ್ಟಿದ್ದರೆ "ಹೋಸ್ಟ್ ಸಿಗಲಿಲ್ಲ" ಅಂತ ಅಲ್ಲೇ ಬಾಯಿಬಿಡುತ್ತಿತ್ತು. ನಾನು ಕೊಡಲಿಲ್ಲ.

ಆಮೇಲೆ ಪವರ್‌ಶೆಲ್‌ನಲ್ಲಿ ಸೆಕ್ಯೂರ್ ಚಾನೆಲ್ (ಮಶೀನ್‌ಗೂ ಕಂಟ್ರೋಲರ್‌ಗೂ ನಡುವಿನ ನಂಬಿಕೆಯ ಕೊಂಡಿ) ಪರೀಕ್ಷೆ ಮಾಡಿದೆ. ಫಾಲ್ಸ್ ಅಂತ ಬಂತು. ಓಹೋ, ಡೊಮೇನ್ ಜೊತೆಗಿನ ಟ್ರಸ್ಟ್ ಮುರಿದಿದೆ ಅಂದುಕೊಂಡೆ. ಕಂಟ್ರೋಲರ್ ಎಲ್ಲಿದೆ ಅಂತಲೇ ಮಶೀನ್‌ಗೆ ಗೊತ್ತಿಲ್ಲದಾಗ ಆ ಪರೀಕ್ಷೆ ಪಾಸಾಗುವುದಾದರೂ ಹೇಗೆ? ಮೊದಲು ಎನ್‌ಎಲ್‌ಟೆಸ್ಟ್ ಕಮಾಂಡ್‌ನ ಡಿಎಸ್‌ಗೆಟ್‌ಡಿಸಿ ಆಯ್ಕೆಯಲ್ಲಿ ಡೊಮೇನ್ ಹೆಸರು ಕೊಟ್ಟು ಕಂಟ್ರೋಲರ್ ಸಿಗುತ್ತಾ ನೋಡಬೇಕಿತ್ತು. ಚಾನೆಲ್ ಮಾತು ಆಮೇಲೆ.

ಟ್ರಸ್ಟ್ ಮುರಿದಿದ್ದರೆ ಏನು ಮಾಡುತ್ತಾರೆ? ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸುತ್ತಾರೆ. ನಾನೂ ಒಂದು ಮಶೀನ್‌ನ್ನು ತೆಗೆದೆ. ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರಬೇಕು ಅಂತ ವಿಂಡೋಸ್ ಎಚ್ಚರಿಸಿತು. ಓದದೆ ಓಕೆ ಒತ್ತಿದೆ. ರೀಸ್ಟಾರ್ಟ್ ಆಯಿತು. ಡೊಮೇನ್ ಲಾಗಿನ್‌ಗೆ ಈಗ ಬೆಲೆ ಇಲ್ಲ, ಲೋಕಲ್ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಅದನ್ನು ಇಟ್ಟವರು ಯಾವತ್ತೋ ಕೆಲಸ ಬಿಟ್ಟು ಹೋಗಿದ್ದಾರೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಫೈಲುಗಳನ್ನು ಹೊರಗೆ ತೆಗೆದು, ವಿಂಡೋಸ್ ಹೊಸದಾಗಿ ಹಾಕುವಷ್ಟರಲ್ಲಿ ಆ ದಿನ ಮುಗಿದಿತ್ತು. ಪುಣ್ಯಕ್ಕೆ ಆ ಮಶೀನ್‌ಗೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿರಲಿಲ್ಲ.

ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಸರ್ವರ್ ಹೆಸರಿನ ಬದಲು ಐಪಿ ಹಾಕಿ ಫೋಲ್ಡರ್ ತೆರೆದೆ. ತೆರೆಯಿತು! ಐಪಿ ಕೊಟ್ಟರೆ ಡಿಎನ್‌ಎಸ್ ಬೇಕಿಲ್ಲ, ಗುರುತು ಪರೀಕ್ಷೆಯೂ ಡೊಮೇನ್‌ನ ಮಾಮೂಲಿ ವಿಧಾನ ಕರ್ಬೆರೋಸ್ ಬದಲು ಹಳೇ ವಿಧಾನ ಎನ್‌ಟಿಎಲ್‌ಎಂನಲ್ಲಿ ಸಾಗುತ್ತದೆ. ಅಂದರೆ ಕೇಬಲ್, ಸ್ವಿಚ್, ಫೈರ್‌ವಾಲ್ ಎಲ್ಲಾ ಸರಿ ಇವೆ, ಹೆಸರು ಮಾತ್ರ ಸಿಗುತ್ತಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ ತೋರಿಸುವ ಐಪಿಕಾನ್ಫಿಗ್ ಆಲ್ ಕಮಾಂಡ್ ಕೊಟ್ಟಾಗ ಕಣ್ಣಿಗೆ ಬಿತ್ತು. ಎರಡನೇ ಡಿಎನ್‌ಎಸ್ 8.8.8.8. ಎರಡು ತಿಂಗಳ ಹಿಂದೆ ನಾನೇ ಹಾಕಿದ್ದು. ಸರ್ವರ್ ನಿಂತರೂ ಜನರಿಗೆ ಇಂಟರ್ನೆಟ್ ಇರಲಿ ಅನ್ನುವ ಅತಿ ಬುದ್ಧಿವಂತಿಕೆ.

ಆಗುವುದು ಇಷ್ಟೇ. ಬೆಳಿಗ್ಗೆ ಬ್ಯಾಕಪ್ ಇನ್ನೂ ಓಡುತ್ತಿದ್ದರೆ ನಮ್ಮ ಸರ್ವರ್ ಉತ್ತರ ಕೊಡಲು ತಡ ಮಾಡುತ್ತದೆ. ಆ ಹೊತ್ತಿಗೆ ಹೆಸರು ಹುಡುಕುತ್ತಿದ್ದ ಮಶೀನ್‌ಗಳು ಎರಡನೇ ಡಿಎನ್‌ಎಸ್ ಕಡೆ ಹೊರಳುತ್ತವೆ. ನಮ್ಮ ಡೊಮೇನ್ ಹೆಸರು ಹೊರಗಿನ ಡಿಎನ್‌ಎಸ್‌ಗೆ ಗೊತ್ತೇ ಇಲ್ಲ, "ಅಂಥ ಹೆಸರಿಲ್ಲ" ಅನ್ನುತ್ತದೆ. ಇಲ್ಲ ಅನ್ನುವುದೂ ವಿಂಡೋಸ್‌ಗೆ ಒಂದು ಉತ್ತರವೇ. ಅದನ್ನು ನಂಬಿ ಸುಮ್ಮನಾಗುತ್ತದೆ, ಇನ್ನೊಬ್ಬರನ್ನು ಕೇಳುವುದಿಲ್ಲ. ಸಾಲದ್ದಕ್ಕೆ ಸ್ವಲ್ಪ ಹೊತ್ತು ನೆನಪಲ್ಲೂ ಇಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದರೆ ಕೆಲವು ಸಲ ಸರಿಹೋಗುತ್ತಿದ್ದದ್ದು ಇದಕ್ಕೇ.

ಡಿಎಚ್‌ಸಿಪಿಯಿಂದ 8.8.8.8 ತೆಗೆದು, ಅದನ್ನು ಕಂಟ್ರೋಲರ್‌ನ ಡಿಎನ್‌ಎಸ್‌ನಲ್ಲಿ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಅದು ಕೇಳುವ ಹೊರಗಿನ ಸರ್ವರ್) ಆಗಿ ಹಾಕಿದೆ. ಅದರ ಜಾಗ ಅಲ್ಲಿ, ವರ್ಕ್‌ಸ್ಟೇಷನ್‌ನಲ್ಲಲ್ಲ. ಎರಡನೇ ಡಿಎನ್‌ಎಸ್ ಬೇಕೇ ಬೇಕು ಅಂದರೆ ಎರಡನೇ ಡೊಮೇನ್ ಕಂಟ್ರೋಲರ್ ಕಟ್ಟಿ. ಮಶೀನ್‌ಗಳಲ್ಲಿ ಐಪಿ ರಿನ್ಯೂ ಮಾಡಿ, ನೆನಪಲ್ಲಿಟ್ಟ ಹಳೇ ಉತ್ತರಗಳು ಅಳಿಸಿಹೋಗಲಿ ಅಂತ ಡಿಎನ್‌ಎಸ್ ಫ್ಲಶ್ ಮಾಡಿದೆ. ಡ್ರೈವ್‌ಗಳು ಒಂದೊಂದಾಗಿ ಬಂದವು.

ಒಂದು ಮಶೀನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನೋಡಿದರೆ ಅದರ ಗಡಿಯಾರ ಹನ್ನೆರಡು ನಿಮಿಷ ಹಿಂದಿತ್ತು. ಕಂಟ್ರೋಲರ್ ಗಡಿಯಾರಕ್ಕೂ ಇದಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕರ್ಬೆರೋಸ್ ಒಪ್ಪುವುದಿಲ್ಲ. ಯಾರೋ "ಸ್ಪೀಡ್ ಆಗಲಿ" ಅಂತ ವಿಂಡೋಸ್ ಟೈಮ್ ಸರ್ವಿಸ್ ಆಫ್ ಮಾಡಿದ್ದರು. ಯಾರು ಅಂತ ಕೇಳಿದೆ. ಯಾರೂ ಒಪ್ಪಿಕೊಳ್ಳಲಿಲ್ಲ.