ಎಂಟು ಎಣಿಸುವಷ್ಟರಲ್ಲಿ ಇಳಿಯುವ ಬಾಗಿಲು: ಮೂರು ವರ್ಷ ಇಟ್ಟುಕೊಂಡ ಮಾಡೆಲ್ ಕಾರು

ಬಲಗಡೆ ಬಾಗಿಲು ನಿಲ್ಲುವುದಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮೇಲೆತ್ತಿ ಬಿಟ್ಟರೆ, ತೂಕಡಿಸುವವನ ತಲೆ ಹಾಗೆ ಮೆಲ್ಲಗೆ ಇಳಿಯುತ್ತದೆ. ಎಂಟು ಎಣಿಸುವಷ್ಟರಲ್ಲಿ ಮುಚ್ಚಿರುತ್ತದೆ. ಸಾಗಣೆ, ಸುಂಕ ಎಲ್ಲ ಸೇರಿ 41,000 ರೂಪಾಯಿ ಕೊಟ್ಟ ಕಾರಿನ ಕಥೆ ಇದು. 1:18 ಅಳತೆಯ, ಅಂದರೆ ಅಸಲಿಯ ಹದಿನೆಂಟನೇ ಒಂದು ಭಾಗದಷ್ಟಿರುವ ಮರ್ಸಿಡಿಸ್ 300 ಎಸ್‌ಎಲ್, ಬೆಳ್ಳಿ ಬಣ್ಣ. ಉದ್ದ ಒಂದು ಗೇಣಿಗಿಂತ ತುಸು ಜಾಸ್ತಿ.

ಈ ಕಾರಿಗೆ ಬಾಗಿಲೇ ಜೀವ. 1954ರಲ್ಲಿ ಅಸಲಿ ಕಾರಿಗೆ ರೆಕ್ಕೆಯಂಥ ಬಾಗಿಲು ಇಟ್ಟಿದ್ದು ಶೋಕಿಗಲ್ಲ. ಒಳಗಿನ ಉಕ್ಕಿನ ಕೊಳವೆಗಳ ಚೌಕಟ್ಟು ಪಕ್ಕದಲ್ಲಿ ಎತ್ತರಕ್ಕೆ ಬಂದಿತ್ತು, ಮಾಮೂಲಿ ಬಾಗಿಲಿಗೆ ಜಾಗವೇ ಇರಲಿಲ್ಲ. ಹತ್ತಿ ಕೂರೋದು ಕಷ್ಟ ಅಂತ ಸ್ಟಿಯರಿಂಗ್ ಕೂಡ ವಾಲಿಸುವ ಹಾಗೆ ಮಾಡಿದ್ದರು. 1957ರವರೆಗೆ ತಯಾರಾದ ಇಂಥ ಕೂಪೆಗಳು (ಮುಚ್ಚಿದ ಮಾಡಿನ ಎರಡು ಬಾಗಿಲ ಕಾರು) ಬರೀ 1,400. ಅಂಥ ಕಾರನ್ನು ಮೈಸೂರಿನ ಸರಸ್ವತಿಪುರಂನ ಶೋಕೇಸಿನಲ್ಲಿ ಇಟ್ಟುಕೊಳ್ಳಲು ನನಗೆ ಇದೊಂದೇ ದಾರಿ.

ಈ ಮಾಡೆಲ್ಲಿನ ಮೊದಲ ಬ್ಯಾಚು ಬಂದ ವರ್ಷ ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಬಿಟ್ಟೆ. ಆಮೇಲೆ ಡಬ್ಬ ಇಲ್ಲದ ಹಳೆ ಮಾಲಿಗೂ ಡಬಲ್ ರೇಟು. ಮರುಬಿಡುಗಡೆ ಅಂತ ಕೇಳಿದಾಗ, ತಪ್ಪಿಹೋದ ಬಸ್ಸು ಇನ್ನೊಂದು ಟ್ರಿಪ್ ಬಂದಷ್ಟು ಖುಷಿ. ಇಂಥ ಮಾಡೆಲ್‌ಗಳಲ್ಲಿ ದೊಡ್ಡ ಖರ್ಚು ಅಚ್ಚಿನದು. ಅಚ್ಚು ಇದ್ದರೆ ಮತ್ತೆ ಎರಕ ಹೊಯ್ಯಬಹುದು. ಆದರೆ ಅಚ್ಚೂ ಸವೆಯುತ್ತೆ, ಅಲ್ವಾ? ನನ್ನ ಕಾರಿನ ಬಾನೆಟ್ ಸಂದು ಎಡಕ್ಕೆ ಕೂದಲೆಳೆಯಷ್ಟು, ಬಲಕ್ಕೆ ಉಗುರು ತೂರುವಷ್ಟು. ಬಾಗಿಲಿನ ವಿಡಿಯೊ ಮಾರಿದವರಿಗೆ ಕಳಿಸಿದೆ. "ಆರು ತಿಂಗಳು ಮುಗಿದಿದೆ ಸರ್" ಅಂತ ಒಂದೇ ಸಾಲು ಬಂತು.

ಹಾಗಂತ ಭಾನುವಾರ ತಪ್ಪಿಸಿಲ್ಲ. ತಿಂಡಿ ಆದಮೇಲೆ ಕೈ ತೊಳೆದು ಗಾಜಿನ ಪೆಟ್ಟಿಗೆ ಎತ್ತುತ್ತೇನೆ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಮುಟ್ಟುವುದಿಲ್ಲ. ಕ್ಯಾಮೆರಾಕ್ಕೆ ಗಾಳಿ ಊದುವ ರಬ್ಬರ್ ಬುರುಡೆಯಿಂದ ಮೊದಲು ಪುಸ್ ಪುಸ್. ಆಮೇಲೆ ಕಾವಾ (ಇಲ್ಲಿನ ಚಿತ್ರಕಲಾ ಕಾಲೇಜು) ಹುಡುಗರು ಬಣ್ಣ ಕೊಳ್ಳುವ ಅಂಗಡಿಯಿಂದ ತಂದ ಮೆತ್ತನೆ ಕುಂಚ. ಗ್ರಿಲ್ಲಿನ ನಕ್ಷತ್ರ ಹುಣಸೆ ಬೀಜದಷ್ಟಿದೆ, ಅದರ ಮೂರು ಸಂದಿಗೂ ಕುಂಚ ಹೋಗಬೇಕು. ಸೀಟಿನ ಹಿಂದೆ ಚರ್ಮದ ಪಟ್ಟಿ ಬಿಗಿದ ಎರಡು ಪುಟ್ಟ ಸೂಟ್‌ಕೇಸು. ಪಟ್ಟಿಯ ಬಕಲ್ ನಿಜವಾಗಿಯೂ ಬಿಚ್ಚುತ್ತೆ! ಕೊನೆಗೆ ಟೈರುಗಳ ಕೆಳಗಿನ ಬಟರ್ ಪೇಪರ್ ಚೂರು ಬದಲಿಸುವುದು. ಇಲ್ಲದಿದ್ದರೆ ಮೆತ್ತನೆ ಟೈರು ಪ್ಲಾಸ್ಟಿಕ್ ಪೀಠಕ್ಕೆ ಕಚ್ಚಿಕೊಂಡು ಕಲೆ ಬೀಳುತ್ತದೆ.

ಕುವೆಂಪುನಗರದ ಗೆಳೆಯನೊಬ್ಬನ ಹತ್ತಿರ ಮೊದಲ ಬ್ಯಾಚಿನದೇ ಇದೆ. ಒಂದಿನ ತಂದು ಪಕ್ಕದಲ್ಲಿಟ್ಟ. ಅವನ ಬಾಗಿಲು ಎತ್ತಿದರೆ ಎತ್ತಿದಲ್ಲೇ. ಹೊಟ್ಟೆ ಉರಿಯಿತು. ಕಿಟಕಿ ಬೆಳಕಿಗೆ ತಿರುಗಿಸಿದಾಗ ಹೆಡ್‌ಲೈಟಿನ ಹತ್ತಿರ ಎಳ್ಳು ಚೆಲ್ಲಿದ ಹಾಗೆ ಬಣ್ಣ ಗುಳ್ಳೆ ಎದ್ದಿರೋದು ಕಂಡಿತು. ಇಂಥ ಎರಕದ ಮಾಡೆಲ್ (ಡೈಕಾಸ್ಟ್) ಅಂದರೆ ಬಹುಪಾಲು ಸತುವಿನ ಮಿಶ್ರಲೋಹ. ಎರಕದಲ್ಲಿ ಸೀಸ ಬೆರೆತಿದ್ದರೆ ವರ್ಷಗಳು ಕಳೆದಂತೆ ಒಳಗಿನಿಂದಲೇ ಉಬ್ಬಿ ಬಿರುಕು ಬಿಡುತ್ತದೆ. ತೇವ ಇದ್ದರೆ ಇನ್ನೂ ಬೇಗ. ಅದಕ್ಕೆ ಮದ್ದಿಲ್ಲ. ಅವನು ಅದನ್ನಿಟ್ಟಿದ್ದು ಬಾತ್‌ರೂಮ್ ಗೋಡೆಗೆ ತಾಗಿದ ಬೀರುವಿನಲ್ಲಿ. ಏನೂ ಹೇಳದೆ ಟೀ ಕುಡಿದು ಹೋದ. ಅವತ್ತಿನಿಂದ ನನ್ನ ಬಾಗಿಲ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ.

ಪೂರ್ತಿ ಇಳಿಸಿದ್ದು ಕಳೆದ ದಸರಾ. ಅಮ್ಮ ಗೊಂಬೆ ಕೂರಿಸಿದಾಗ ಕಾರನ್ನು ಕೇಳದೇ ಒಯ್ದು ಕೆಳಗಿನ ಮೆಟ್ಟಿಲಲ್ಲಿ, ಚನ್ನಪಟ್ಟಣದ ಆನೆಗೂ ಶೆಟ್ಟಿಯ ಅಂಗಡಿಗೂ ನಡುವೆ ಇಟ್ಟಿದ್ದರು. ನನ್ನ ಜೀವ ಬಾಯಿಗೆ ಬಂತು. ಗೊಂಬೆ ನೋಡಲು ಬಂದ ಮಕ್ಕಳಿಗೆ ಪಟ್ಟದ ಗೊಂಬೆ ಬೇಡ, ಬಾಗಿಲು ಬೇಕು. ಅಮ್ಮ ಎತ್ತುವುದು, ಮಕ್ಕಳು ಒಟ್ಟಿಗೆ ಎಂಟರವರೆಗೆ ಎಣಿಸುವುದು. "ತಾನೇ ಹಾಕ್ಕೊಳ್ಳುತ್ತೆ ಕಣೋ, ನಮ್ಮ ಫ್ರಿಜ್ಜಿಗಿಂತ ವಾಸಿ" ಅಂದರು ಅಮ್ಮ. ಆಯುಧಪೂಜೆಗೆ ಕುಂಕುಮ ಹಚ್ಚಲು ಬಿಡಲಿಲ್ಲ, ಪೂಜೆ ಡಬ್ಬಕ್ಕೆ ಆಯಿತು. ನಿಂಬೆಹಣ್ಣು ಚಕ್ರದಷ್ಟೇ ಎತ್ತರ, ಹಾಗಾಗಿ ಮಗಳು ಟೈರಿನ ಮುಂದೆ ದ್ರಾಕ್ಷಿ ಇಟ್ಟಳು. ಜಜ್ಜಲಿಲ್ಲ, ದೇವರ ದಯೆ.

ಕೀಲಿನ ಸಂದಿಗೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿದರೆ ಬಿಗಿಯಾಗುತ್ತಂತೆ. ಚಿಮಟ ಹಿಡಿದು ಎರಡು ಸಲ ಕೂತೆ, ಎರಡು ಸಲವೂ ಸುಮ್ನೆ ಎದ್ದೆ. ನಿಮ್ಮಲ್ಲಿ ಯಾರಾದರೂ ಮಾಡಿದ್ದರೆ ಹೇಳಿ. ಅವಸರವಿಲ್ಲ, ಏನಿದ್ದರೂ ಈ ದಸರಾ ಮುಗಿದ ಮೇಲೆ.