ನ್ಯಾಷನಲ್ ಡುವೋಲಿಯನ್: ಬಣ್ಣಕ್ಕೆ ಮರುಳಾಗುವ ಮುಂಚೆ ನೆಕ್ ನೋಡಿ

ಡುವೋಲಿಯನ್ ಅಂದರೆ ಲೋಹದ ಮೈಯ ರೆಸೊನೇಟರ್ ಗಿಟಾರ್. 1930ರಲ್ಲಿ ಬಂದಾಗ ನ್ಯಾಷನಲ್ ಕಂಪನಿಯ ಅಗ್ಗದ ಮಾಲು. ಬ್ಲೂಸ್ ಗಾಯಕರಾದ ಸನ್ ಹೌಸ್, ಬುಕ್ಕಾ ವೈಟ್ ನುಡಿಸಿದ ಮೇಲೆ ಅದರ ನಸೀಬೇ ಬದಲಾಯಿತು. ಸ್ಟೀಲ್ ಮೈ, ಮೇಲೆ ಹರಳುಗಟ್ಟಿದಂಥ ಒರಟು ಬಣ್ಣ, ಮುಚ್ಚಳದಡಿ ಒಂಬತ್ತೂವರೆ ಇಂಚಿನ ಒಂದೇ ಅಲ್ಯೂಮಿನಿಯಂ ಕೋನ್, ಅಂದರೆ ತಂತಿಯ ದನಿ ಹಿಗ್ಗಿಸುವ ಶಂಕುವಿನಾಕಾರದ ತೆಳು ತಗಡು. ತೊಡೆಯ ಮೇಲಿಟ್ಟರೆ ತಗಡಿನ ಟ್ರಂಕು ಹೊತ್ತ ಹಾಗೇ ಅನಿಸುತ್ತದೆ. ದನಿ ಮಾತ್ರ ಕಡಕ್: ಏರು ಚುರುಕು, ಇಳಿತವೂ ಬೇಗ. ದೀರ್ಘ ಅನುರಣನ ಬೇಕಾದವರು ಮೂರು ಕೋನಿನ ಟ್ರೈಕೋನ್ ನೋಡುವುದು ಒಳ್ಳೆಯದು.

ಕೊಳ್ಳುವವರು ಸಾಮಾನ್ಯವಾಗಿ ಬಣ್ಣ ಅಸಲಿಯೇ, ಸೀರಿಯಲ್ ನಂಬರ್ 'ಸಿ'ಯಿಂದ ಶುರುವಾಗುತ್ತದೆಯೇ ಎಂದು ತಡಕಾಡುತ್ತಾರೆ. ಅದೂ ಬೇಕು, ಆದರೆ ಜೇಬಿಗೆ ಕತ್ತರಿ ಬೀಳುವುದು ನೆಕ್‌ನಲ್ಲಿ. ಇದಕ್ಕೆ ನೆಕ್ ಬಾಗು ಸರಿಪಡಿಸುವ ಉಕ್ಕಿನ ಸರಳು, ಟ್ರಸ್ ರಾಡ್ ಇಲ್ಲ. ನೆಕ್‌ನಿಂದ ಹೊರಟ ಮರದ ಕೋಲು ಮೈಯೊಳಗೆ ಹಾದುಹೋಗುತ್ತದೆ; ಅದರ ಆಸರೆ ಸಡಿಲಿದರೆ ನೆಕ್ ಕೂತ ಓರೆ ತಪ್ಪಿ ತಂತಿ ಮೇಲೇಳುತ್ತದೆ. ಆಗ ಸ್ಯಾಡಲ್ (ಕೋನ್ ಮೇಲೆ ತಂತಿ ಕೂರುವ ಪಟ್ಟಿ) ಇಳಿಸಿದರೆ ತಂತಿಯ ಒತ್ತಡ ಸಾಲದೆ ಕೋನ್ ಗಿಜಿಗುಡುತ್ತದೆ. ಏರಿಸೋಣವೆಂದರೆ ಮುಚ್ಚಳದ ಮೇಲಿನ ಕೈ ಊರುವ ಪಟ್ಟಿ ಅಡ್ಡ ಬರುತ್ತದೆ. ಸರಿಯಾದ ದಾರಿ ಒಂದೇ, ಕೋಲಿಗೆ ಶಿಮ್ (ತೆಳು ಮರದ ಚೂರು) ಕೊಟ್ಟು ನೆಕ್ ಕೂರಿಸುವುದು. ಫಿಂಗರ್‌ಬೋರ್ಡಿನ ಚುಕ್ಕೆಗಳಡಿ ಸ್ಕ್ರೂ ಅಡಗಿರುತ್ತವೆ. ಗೊತ್ತಿಲ್ಲದೆ ಎಳೆದರೆ ಮರ ಸೀಳುತ್ತದೆ.

ಸ್ಲೈಡ್‌ಗೆ (ತಂತಿ ಮೇಲೆ ಕೊಳವೆ ಜಾರಿಸಿ ನುಡಿಸಲು) ಹನ್ನೆರಡನೇ ಫ್ರೆಟ್ ಬಳಿ ದಪ್ಪ ತಂತಿ ಎರಡೂವರೆಯಿಂದ ಮೂರು ಮಿಲಿಮೀಟರ್ ಎತ್ತರವಿರಲಿ. 13–56 ದಪ್ಪದ (ಇಂಚಿನ ಸಾವಿರದ ಲೆಕ್ಕ) ತಂತಿ ಸೆಟ್ ಓಪನ್ ಡಿ, ಓಪನ್ ಜಿ ಶ್ರುತಿಗಳೆರಡಕ್ಕೂ ಸಾಕು. ತೆಳು ತಂತಿ ಹಾಕಿದರೆ ಕೋನಿನ ದನಿ ಮಲಗಿಬಿಡುತ್ತದೆ.

ಗಿಜಿಗುಟ್ಟುವುದು ಕೇಳಿದ ಕೂಡಲೇ ಕೋನ್ ಬದಲಿಸಬೇಡಿ. ಮೊದಲು ಟೇಲ್‌ಪೀಸ್ (ತಂತಿಯ ತುದಿ ಸಿಕ್ಕಿಸುವ ಲೋಹದ ತುಂಡು) ಅಡಿ ಚೂರು ಫೆಲ್ಟ್ ಇಟ್ಟು ನೋಡಿ. ನಿಲ್ಲದಿದ್ದರೆ ತಂತಿ ಸಡಿಲಿಸಿ, ಮುಚ್ಚಳದ ಒಂಬತ್ತು ಸ್ಕ್ರೂ ತೆಗೆದು, ಕೋನಿನ ಅಂಚಿಗೂ ಮೈಗೂ ಪೆನ್ಸಿಲ್ ಗುರುತು ಹಾಕಿ ಎತ್ತಿ. ಅಡಿಯಿಂದ ಬಿಸ್ಕೆಟ್ (ಸ್ಯಾಡಲ್ ಹೊತ್ತ ಮರದ ಬಿಲ್ಲೆ) ಹಿಡಿದ ಪುಟ್ಟ ಸ್ಕ್ರೂ ಸಡಿಲಿರುತ್ತದೆ, ಇಲ್ಲವೇ ಕೋನ್ ಕೂರುವ ಅಂಚಲ್ಲಿ ಧೂಳು ಗಡ್ಡೆಗಟ್ಟಿರುತ್ತದೆ. ಅಂಟು ಹಾಕಿದರೆ ಆ ಕೋನ್ ಮುಗಿಯಿತು. ಮುಚ್ಚಳ ಕೂರಿಸುವಾಗ ಎದುರುಬದುರು ಸ್ಕ್ರೂಗಳನ್ನು ಬೆರಳಬಿಗಿಯಷ್ಟೇ ತಿರುಗಿಸಿ. ತಗಡಿನ ತೂತಿನಲ್ಲಿ ಸ್ಕ್ರೂ ಹಿಡಿಯುವ ಎಳೆ ಸವೆದರೆ ಅದೇ ಹೊಸ ಗಲಾಟೆ.

ಕೋನ್ ಕುಸಿದೇಬಿಟ್ಟಿದ್ದರೆ ಹೊಸದು ಸಿಗುತ್ತದೆ. ಹಳೆಯದನ್ನು ಕೇಸಿನೊಳಗೆ ಜೋಪಾನವಾಗಿಡಿ. ಮುಂದೆ ಮಾರುವಾಗ ಕೇಳುವುದು ಅದನ್ನೇ. ಮಳೆಗಾಲದಲ್ಲಿ ಮಂಗಳೂರು, ಕಾರವಾರದ ಕಡೆ ಎಫ್ ರಂಧ್ರದ ಅಂಚಿನಲ್ಲೇ ತುಕ್ಕು ಮೊದಲು ಕಾಣುತ್ತದೆ. ಒಣ ಬಟ್ಟೆಯಿಂದ ಒರೆಸಿ, ಕೇಸಿಗೆ ಸಿಲಿಕಾ ಜೆಲ್ ಹಾಕಿ. ಪಾಲಿಶ್ ತಿಕ್ಕಿ ಹರಳು ಬಣ್ಣ ನುಣುಪು ಮಾಡಿಬಿಡಬೇಡಿ.